ಪುರಿ ಭಟ್ಟಿಯ ಹಿಂದೆ

ಚಿಂತಾಮಣಿಯಲ್ಲಿ ಜ್ವಾಲಾಮುಖಿ ಇಲ್ಲ.
ಇರುವುದು ಅಂಬಾಜಿದುರ್ಗ,
ಯಾರು ಏನೇ ಕೇಳಲಿ, ಕಮಕ್ ಕಿಮಕ್ ಅನ್ನದ ಬಂಡೆ.
ಆದರೂ ಎಂಟನೇ ತರಗತಿಗೆ ಪಾಠ ಇದೆ,
ಪುಟದಲ್ಲಿ ಕೆಂಪು ಶಾಯಿ ಗೆರೆ ದಾಟಿ ಹರಡಿ
ಬೆಟ್ಟವೋ ಕುಂಕುಮದ ಭರಣಿಯೋ
ತಿಳಿಯದ ಒಂದು ಚಿತ್ರ ಇದೆ.

ಜೇಡಿಮಣ್ಣು, ಅಡುಗೆ ಸೋಡಾ, ನಿಂಬೆಹುಳಿ ತಂದು
ಮೇಜಿನ ಮೇಲೆ ನಾನು ಕಟ್ಟಿದ ಬೆಟ್ಟ
ಬುಸ್ಸೆಂದು ನೊರೆ ಕಾರಿ ಹಾಜರಿ ಪುಸ್ತಕ ತೋಯಿಸಿತು.
ಎಲ್ಲರೂ ನಕ್ಕರು.
ಹಿಂದಿನ ಬೆಂಚಿನ ರವಣಮ್ಮ ನಗಲಿಲ್ಲ:
"ಬೆಟ್ಟ ಮೊದಲೇ ಇತ್ತಾ ಮಿಸ್? ಬೆಂಕಿ ಆಮೇಲೆ ಬಂತಾ?"
ಹದಿನಾಲ್ಕು ವರ್ಷದಿಂದ ಕಲಿಸುತ್ತಿದ್ದೇನೆ.
ಈ ಪ್ರಶ್ನೆ ನನಗೇ ಹೊಳೆದಿರಲಿಲ್ಲ.

ಸಂಜೆ ಅವಳ ಅಜ್ಜಿಯ ಭಟ್ಟಿಗೆ ಹೋದೆ.
ಪಿಳ್ಳಮ್ಮನಿಗೆ ಮೂಗುಬೊಟ್ಟಿನವರೆಗೂ ಮಸಿ.
ಒಲೆಗೆ ಕಡಲೆಕಾಯಿ ಸಿಪ್ಪೆ ತಳ್ಳಿ,
ಬಾಣಲೆಯ ಕಾದ ಮರಳಿಗೆ
ಉಪ್ಪುನೀರು ಕುಡಿದು ಒಣಗಿದ ಅಕ್ಕಿ ಎರಚಿದಳು.
ಮೂರು ಎಣಿಸುವಷ್ಟರಲ್ಲಿ
ಮರಳಿನ ಮೈಯೆಲ್ಲ ಬೆಳ್ಳಗೆ ಎದ್ದಿತು, ಚಟಪಟ ಚಟಪಟ.
"ಅಕ್ಕಿ ಉಬ್ಬೋದಲ್ಲ ಕಣಮ್ಮ,
ಒಳಗಿರೋ ಚೂರು ನೀರು ಓಡೋಕೆ ದಾರಿ ನೋಡ್ತದೆ.
ಸಿಗದೇ ಹೋದ್ರೆ ಇರೋ ಮನೇನೇ ಹಿಗ್ಗಿಸ್ತದೆ."

ನೆಲದಡಿ ಕರಗಿದ ಕಲ್ಲಿನಲ್ಲೂ ಆವಿ ಇರುತ್ತದೆ,
ಆಳದ ಭಾರಕ್ಕೆ ತುಟಿ ಬಿಗಿದು.
ಕಲ್ಲು ಮೇಲೇರಿದಷ್ಟೂ ಭಾರ ಸಡಿಲ,
ಒಂದು ಗುಳ್ಳೆ, ಅದರ ಬೆನ್ನಿಗೆ ಇನ್ನೊಂದು,
ಆಮೇಲೆ ಎಣಿಕೆಯಿಲ್ಲ.
ರಾಗಿ ಹೊಲದಲ್ಲಾದರೂ ಸರಿ, ನೆಲ ಬಾಯಿ ಬಿಡುತ್ತದೆ.
ಆಗಿನ್ನೂ ಅಲ್ಲಿ ಬೆಟ್ಟವಿಲ್ಲ, ಬೆಂಕಿಯ ಕಾರಂಜಿ ಇದೆ.
ಹಾರುವಾಗ ಪಾಕ,
ಬೀಳುವಾಗ ಕಲ್ಲು.
ಕಲ್ಲಿನ ತುಂಬ ತೂತು,
ಆವಿ ಬಿಟ್ಟುಹೋದ ಖಾಲಿ ಕೋಣೆಗಳು.
ಬಾಯಿಯ ಸುತ್ತಲೇ ಬಿದ್ದು ಬಿದ್ದು ಗೋಡೆ ಏಳುತ್ತದೆ.

"ಬಾ ಮಿಸ್," ರವಣಮ್ಮ ಹಿತ್ತಿಲಿಗೆ ಎಳೆದಳು.
ಅಲ್ಲಿ ಭಟ್ಟಿಯ ಬೂದಿ ಗುಡ್ಡೆ, ನನಗಿಂತ ಎತ್ತರ.
ದಿನಾ ಒಂದೇ ಕಲ್ಲಿನ ಮೇಲೆ ನಿಂತು ಡಬ್ಬ ಸುರಿದು ಸುರಿದು
ತಾನಾಗಿ ಮೂಡಿದ ಗೋಪುರ.
ಇನ್ನೊಂದು ಡಬ್ಬ ಸುರಿದಳು.
ತುದಿ ಒಂದು ಗಳಿಗೆ ಚೂಪಾಯಿತು, ತಡೆಯಿತು,
ಸರ್ರನೆ ಜಾರಿ
ಮತ್ತದೇ ಓರೆಗೆ ಬಂದು ಕೂತಿತು.
ಎಷ್ಟು ಸುರಿದರೂ ಇಷ್ಟೇ ಇಳಿಜಾರು,
ಸಡಿಲ ಕಾಳಿಗೂ ತನ್ನದೊಂದು ಹಠ.
ಗಾಳಿ ಪಡುವಣದಿಂದ ಬೀಸುತ್ತಿತ್ತು,
ಮೂಡಣದ ಮಗ್ಗುಲು ಒಂದು ಗೇಣು ಹೆಚ್ಚು ದಪ್ಪ.
ದೂರದೇಶದ ಆ ಬೆಟ್ಟಗಳಲ್ಲೂ
ಅಂದಿನ ಗಾಳಿಯ ದಿಕ್ಕು ಹೀಗೇ ಉಳಿದಿರುತ್ತದೆ,
ಬೀಸಿದ ಗಾಳಿ ಹೋಗಿ ಎಷ್ಟೋ ಸಾವಿರ ವರ್ಷವಾದರೂ.

ಕೊನೆಕೊನೆಗೆ ಆವಿ ತೀರಿದ ಕಲ್ಲುಪಾಕ
ಹಾರಲಾರದು.
ಉದುರು ಗೋಡೆ ಅದನ್ನು ಹಿಡಿದಿಡಲಾರದು.
ಬುಡ ತೋಡಿಕೊಂಡು ಸದ್ದಿಲ್ಲದೆ ಹೊರಟು
ಹೊಲಗಳ ಕಡೆಗೆ ಹರಿಯುತ್ತದೆ.
ಇದನ್ನು ಬೂದಿಯಲ್ಲಿ ತೋರಿಸಲು ನನಗೆ ಬರಲಿಲ್ಲ.
ಪಿಳ್ಳಮ್ಮನಿಗೆ ಬಾಯಲ್ಲೇ ಹೇಳಿದೆ.
ಜರಡಿ ನಿಲ್ಲಿಸಿ ಕೇಳಿಸಿಕೊಂಡಳು.
"ಕೂಗಾಡೋರು ಕೂಗಾಡಿ ಸುಮ್ಮನಾದ ಮೇಲೇನೇ
ಮನೆ ಬಿಟ್ಟು ಹೋಗೋದು," ಅಂದಳು.
ಯಾರ ವಿಷಯ ಎಂದು ನಾನು ಕೇಳಲಿಲ್ಲ.

"ಆ ಬೆಟ್ಟ ಮತ್ತೆ ಉರೀತದಾ?"
ಬಹುಪಾಲು ಇಲ್ಲ ಅಂದೆ. ಕೆಲವು ವಾರ, ಕೆಲವು ವರ್ಷ,
ಅಲ್ಲಿಗೆ ಅದರ ಕಥೆ ಮುಗಿಯಿತು.
ಮುಂದಿನ ಬೆಂಕಿ ಬೇರೆ ಕಡೆ ಬೇರೆ ಬಾಯಿ ಹುಡುಕುತ್ತದೆ.
"ಅಂಗಾದ್ರೆ ಪುರಿ ಲೆಕ್ಕಾನೇ.
ಅರಳಿದ್ದು ತಿರುಗಾ ಅಕ್ಕಿ ಆಗಲ್ಲ."

ಪರೀಕ್ಷೆಯಲ್ಲಿ ರವಣಮ್ಮ ಬರೆದಳು:
"ಮೊದಲು ಬಾಯಿ. ಬೆಟ್ಟ ಆಮೇಲೆ.
ಬೆಟ್ಟ ಅಂದರೆ ಬಾಯಿ ಆಡಿದ್ದೆಲ್ಲ ಸುತ್ತ ಬಿದ್ದಿರುವುದು."
ಉತ್ತರಪಟ್ಟಿಯಲ್ಲಿ ಹೀಗಿರಲಿಲ್ಲ.
ಕೆಂಪು ಪೆನ್ನು ಹಿಡಿದು ಬಹಳ ಹೊತ್ತು ಕೂತೆ.
ಚೀಲದ ತಳದಲ್ಲಿ ಅವತ್ತಿನ ಪುರಿ ನಾಲ್ಕು ಕಾಳು ಉಳಿದಿತ್ತು,
ಮೆತ್ತಗಾಗಿತ್ತು.
ಒಂದನ್ನು ಮುರಿದು ದೀಪಕ್ಕೆ ಹಿಡಿದೆ.
ಒಳಗೆಲ್ಲ ತೂತು.